ಮಳೆಗೆ ಮರಳಿದ ಮೂವರು

2013ರ ಜೂನ್ ತಿಂಗಳ ಕೊನೆಯ ವಾರ ನಾನು ಸಾಗರದ ಹತ್ತಿರವಿರುವ ನಮ್ಮ ಹಳೆಯ ಮನೆಯಲ್ಲಿದ್ದೆ. ಬ್ಲ್ಯಾಕ್ ಸಬ್ಬತ್ ಎಂಬ ಇಂಗ್ಲೆಂಡಿನ ಹೆವಿ ಮೆಟಲ್ ತಂಡದ '13' ಎಂಬ ಆಲ್ಬಂ ಹೊರಬಂದು ಆಗಷ್ಟೇ ಎರಡು ವಾರ ಕಳೆದಿತ್ತು. ಬೆಂಗಳೂರಿನಲ್ಲಿ ಬಸ್ಸಿನಲ್ಲೋ ಊಟದ ಬಿಡುವಿನಲ್ಲೋ ತುಂಡು ತುಂಡಾಗಿ ಕೇಳಿದ್ದೆನೇ ಹೊರತು, ಮೊದಲಿನಿಂದ ಕೊನೆಯವರೆಗೆ ಒಂದೇ ಬಾರಿಗೆ ಕೂತು ಕೇಳಿರಲಿಲ್ಲ. ಅದನ್ನು ಊರಿಗೆಂದೇ ಉಳಿಸಿಕೊಂಡಿದ್ದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಜಗಲಿಯಲ್ಲಿ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಕೂತೆ. ಐವತ್ತು ನಿಮಿಷ ದಾಟಿ ಎಂಟನೆಯ ಹಾಡಿನ ಕೊನೆಗೆ ಬಂದಾಗ ಗಿಟಾರ್ ನಿಂತು ಮಳೆಯ ಸದ್ದು ಕೇಳಿಸಿತು. ಅದರ ಹಿಂದೆ ಗುಡುಗು, ಗುಡುಗಿನ ಹಿಂದೆ ಒಂದು ಚರ್ಚಿನ ಗಂಟೆ. ಹೊರಗೆ ಹೆಂಚಿನ ಮೇಲೂ ಮಳೆ ಹೊಡೆಯುತ್ತಿದ್ದುದರಿಂದ ಯಾವ ಮಳೆ ಎಲ್ಲಿಯದೆಂದು ತಿಳಿಯದೆ ಹೆಡ್‌ಫೋನ್ ತೆಗೆದೆ, ಮತ್ತೆ ಹಾಕಿಕೊಂಡೆ, ಮತ್ತೆ ತೆಗೆದೆ. ಗಂಟೆಯೊಂದು ಮಾತ್ರ ನಮ್ಮೂರಿನದಲ್ಲ ಎಂಬುದು ಖಚಿತವಾಗಿತ್ತು.

ಆ ಗಂಟೆಯನ್ನು ನಾನು ಬಲ್ಲೆ. ಮೆಟಲ್ ಸಂಗೀತವನ್ನು ಮನಸ್ಸಿಟ್ಟು ಕೇಳುವ ಯಾರೂ ಅದನ್ನು ಬಲ್ಲರು. 1970ರ ಫೆಬ್ರವರಿ 13ರ ಶುಕ್ರವಾರ ಬಿಡುಗಡೆಯಾದ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ ಆರಂಭವಾಗುವುದೇ ಮಳೆ, ಗುಡುಗು ಮತ್ತು ಗಂಟೆಯಿಂದ. ನಲವತ್ತಮೂರು ವರ್ಷಗಳ ಅನಂತರ ಅದೇ ತಂಡ, ಮುದುಕರಾಗಿ, ಕಾಯಿಲೆಯವರಾಗಿ, ನಾಲ್ವರಲ್ಲಿ ಮೂವರೇ ಉಳಿದು, ಕೊನೆಯ ಹಾಡನ್ನು ತಾವು ಹೊರಟ ಬಾಗಿಲಿಗೇ ತಂದು ನಿಲ್ಲಿಸಿತ್ತು. ಹಳೆಯ ತಂಡಗಳು ಎಲ್ಲ ಪ್ರಯೋಗಗಳನ್ನೂ ಬದಿಗಿಟ್ಟು 'ಮೂಲಕ್ಕೆ ಮರಳಿದ್ದೇವೆ' ಎಂದು ಆಲ್ಬಂ ತರುವುದು ಹೊಸತೇನಲ್ಲ. ಆದರೆ ಮೂಲ ಎಂಬುದು ಎಲ್ಲಿದೆ, ಯಾವುದರಲ್ಲಿದೆ ಎಂಬ ಪ್ರಶ್ನೆಯನ್ನು '13' ನನ್ನಲ್ಲಿ ಎಬ್ಬಿಸಿದಷ್ಟು ಬಲವಾಗಿ ಬೇರೆ ಯಾವ ಆಲ್ಬಮ್ಮೂ ಎಬ್ಬಿಸಿಲ್ಲ. ಹನ್ನೆರಡು ವರ್ಷ ಅದನ್ನು ಮತ್ತೆ ಮತ್ತೆ ಕೇಳಿದ ಮೇಲೆ ನನಗೆ ಒಂದು ಉತ್ತರ ದೊರಕಿದೆ. ಅದನ್ನು ಹೇಳಲು ಆ ಮೊದಲ ಆಲ್ಬಮ್ಮಿನಿಂದಲೇ ಆರಂಭಿಸಬೇಕು.

ಗಿಟಾರಿನ ಟೋನಿ ಐಯೋಮಿ, ಬೇಸ್ ಗಿಟಾರಿನ ಗೀಝರ್ ಬಟ್ಲರ್, ಡ್ರಮ್ಮಿನ ಬಿಲ್ ವಾರ್ಡ್, ಗಾಯಕ ಆಝಿ ಆಸ್ಬರ್ನ್ ನಾಲ್ವರೂ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆ್ಯಸ್ಟನ್ ಎಂಬ ಬಡಾವಣೆಯವರು. ಕಾರ್ಖಾನೆಗಳ ಊರು ಅದು. ಐಯೋಮಿ ತಗಡು ಕತ್ತರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಹದಿನೇಳನೆಯ ವಯಸ್ಸಿನಲ್ಲಿ, ಆ ಕೆಲಸದ ಕೊನೆಯ ದಿನವೇ, ಯಂತ್ರಕ್ಕೆ ಸಿಕ್ಕಿ ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳುಗಳ ತುದಿ ತುಂಡಾದವು. ಎಡಗೈಯಿಂದ ಮೀಟುವವರಾದ್ದರಿಂದ ತಂತಿ ಒತ್ತುವ ಕೈಯೇ ಅದು. ಗಿಟಾರ್ ಮುಗಿಯಿತು ಎಂದುಕೊಂಡಿದ್ದ ಹುಡುಗನಿಗೆ ಕಾರ್ಖಾನೆಯ ಮೇಲ್ವಿಚಾರಕರು ಜಾಂಗೋ ರೈನ್‌ಹಾರ್ಟ್ ನುಡಿಸಿದ ರೆಕಾರ್ಡನ್ನು ಕೇಳಿಸಿ, ಈತ ಸುಟ್ಟ ಕೈಯ ಎರಡೇ ಬೆರಳುಗಳಲ್ಲಿ ಇದನ್ನೆಲ್ಲ ನುಡಿಸಿದ್ದಾನೆ ಎಂದು ತಿಳಿಸಿದರಂತೆ. ಐಯೋಮಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ, ಬೆರಳಿನ ತುದಿಗೆ ಹೊಂದುವ ಟೋಪಿಗಳನ್ನು ತಾವೇ ಮಾಡಿಕೊಂಡು, ತಂತಿಯ ಮೇಲೆ ಜಾರದಂತೆ ಅವುಗಳಿಗೆ ತೊಗಲಿನ ಚೂರು ಅಂಟಿಸಿಕೊಂಡರು. ಒತ್ತಲು ಹಗುರವಾಗಲೆಂದು ತೆಳ್ಳನೆಯ ತಂತಿ ಕಟ್ಟಿದರು. ಕೆಲವು ವರ್ಷಗಳ ಅನಂತರ ಶ್ರುತಿಯನ್ನೇ ಮೂರು ಅರೆಸ್ವರ ಕೆಳಗಿಳಿಸಿದರು. ಜಗತ್ತಿನ ಅದೆಷ್ಟೋ ತಂಡಗಳು ಇಂದು 'ಹೆವಿ' ಎಂದು ಬೆನ್ನಟ್ಟುವ ಆ ತಗ್ಗಿದ, ಸಡಿಲ ತಂತಿಯ ದಪ್ಪ ನಾದ ಹೀಗೆ ಒಂದು ಗಾಯವನ್ನು ಸುತ್ತುಬಳಸಿ ಹೋಗುವ ದಾರಿಯಲ್ಲಿ ಸಿಕ್ಕದ್ದು.

ಮೊದಲ ಆಲ್ಬಮ್ಮನ್ನು ಅವರು ಮುಗಿಸಿದ್ದು 1969ರ ಅಕ್ಟೋಬರ್‌ನಲ್ಲಿ, ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋದಲ್ಲಿ, ಒಂದೇ ದಿನದಲ್ಲಿ. ಕ್ಲಬ್ಬುಗಳಲ್ಲಿ ದಿನವೂ ನುಡಿಸುತ್ತಿದ್ದುದನ್ನು ಅಲ್ಲಿಯೂ ನುಡಿಸಿ ಹೊರಟರು. ಮಳೆ ಗುಡುಗು ಗಂಟೆಗಳನ್ನು ನಿರ್ಮಾಪಕ ರಾಜರ್ ಬೇನ್ ಆಮೇಲೆ ಸೇರಿಸಿದರು. ಆ ಮಳೆ ಮುಗಿಯುತ್ತಿದ್ದಂತೆ ಬರುವ ರಿಫ್‌ನಲ್ಲಿ, ಎಂದರೆ ಮತ್ತೆ ಮತ್ತೆ ಮರಳುವ ಗಿಟಾರಿನ ಸ್ವರಗುಚ್ಛದಲ್ಲಿ, ಇರುವುದು ಮೂರೇ ಸ್ವರ: ಕೆಳಗಿನ ಷಡ್ಜ, ಮೇಲಿನ ಷಡ್ಜ, ಆಮೇಲೆ ನಡುವೆ ಇಳಿದು ನಿಲ್ಲುವ ಪ್ರತಿಮಧ್ಯಮ. ಯೂರೋಪಿನ ಸಂಗೀತದಲ್ಲಿ ಈ ಅಂತರಕ್ಕೆ ಸೈತಾನನ ಹೆಸರು ಅಂಟಿಕೊಂಡಿದೆ. ನಮ್ಮ ಎಪ್ಪತ್ತೆರಡು ಮೇಳಕರ್ತಗಳಲ್ಲಿ ಮೂವತ್ತಾರಕ್ಕೆ ಅದೇ ಸ್ವರವಿದೆ, ಕಲ್ಯಾಣಿ ರಾಗದಲ್ಲಿ ಅದು ಮಂಗಳಕರವಾಗಿಯೇ ಕೇಳಿಸುತ್ತದೆ. ಒಮ್ಮೆ ಅಕ್ಕನ ಶ್ರುತಿ ಪೆಟ್ಟಿಗೆಯನ್ನು ಚಾಲೂ ಮಾಡಿಟ್ಟು ಅದರ ಮೇಲೆ ಈ ರಿಫ್ ನುಡಿಸಿ ನೋಡಿದ್ದೆ. ಷಡ್ಜ ಪಂಚಮಗಳು ಹಿಂದೆ ಮೊಳಗುತ್ತಿದ್ದಾಗ ಆ ಪ್ರತಿಮಧ್ಯಮ ಪಂಚಮದ ಕಡೆಗೆ ವಾಲಿ, ಅದರ ತೋಳಿಗೆ ಒರಗಿ ಕೂತುಬಿಟ್ಟಿತು. ಪೆಟ್ಟಿಗೆ ನಿಲ್ಲಿಸಿ ಬರಿಯ ಮೂರು ಸ್ವರ ನುಡಿಸಿದಾಗ ಅದಕ್ಕೆ ಒರಗಲು ಏನೂ ಇಲ್ಲ. ಹೋಗಲು ಮನೆಯಿಲ್ಲದೆ ನಡುರಸ್ತೆಯಲ್ಲಿ ನಡುಗುತ್ತ ನಿಂತಂತೆ ನಿಂತಿತು. ಭಯ ಸ್ವರದಲ್ಲಿಲ್ಲ, ಅದರ ಸುತ್ತ ಬಿಟ್ಟ ಖಾಲಿ ಜಾಗದಲ್ಲಿದೆ ಎಂದು ಅಂದು ನನಗೆ ಕೈಯಾರೆ ತಿಳಿಯಿತು.

ಆ ಖಾಲಿ ಜಾಗವನ್ನು ಕಾಯುತ್ತಿದ್ದವರು ಡ್ರಮ್ ನುಡಿಸುತ್ತಿದ್ದ ಬಿಲ್ ವಾರ್ಡ್. ಅವರ ಕೈ ಪಳಗಿದ್ದು ಜಾಝ್ ಕೇಳಿ, ಜೀನ್ ಕ್ರೂಪಾ ಅವರಂಥವರ ಡ್ರಮ್ ಕೇಳಿ. ಆದ್ದರಿಂದಲೇ ಅಷ್ಟು ಭಾರದ ಗಿಟಾರಿನ ಅಡಿಯಲ್ಲೂ ಅವರ ತಾಳ ತೂಗುತ್ತದೆ, ಕೆಲವೆಡೆ ಕೂದಲೆಳೆಯಷ್ಟು ಹಿಂದುಳಿಯುತ್ತದೆ, ಕೆಲವೆಡೆ ಗಿಟಾರಿನ ಮಾತಿಗೆ ಉತ್ತರ ಕೊಡಲು ಮುಂದೆ ಓಡುತ್ತದೆ. ಯಕ್ಷಗಾನ ನೋಡುತ್ತ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾಗವತರು ಅವರೇ, ಪದ್ಯ ಅದೇ, ತಾಳವೂ ಅದೇ. ಆದರೂ ಮದ್ದಳೆಗೆ ಕೂತವರು ಬದಲಾದ ರಾತ್ರಿ ಪದ್ಯ ಬೇರೆಯೇ ಆಗಿ ಕೇಳಿಸುತ್ತದೆ. ಭಾಗವತರ ಉಸಿರು ಎಲ್ಲಿ ನಿಲ್ಲುತ್ತದೆಂದು ಬಲ್ಲ ಕೈಗೂ, ತಾಳವನ್ನು ತಪ್ಪದೆ ನುಡಿಸುವ ಕೈಗೂ ಇರುವ ವ್ಯತ್ಯಾಸವನ್ನು ಸಭೆಯ ಹಿಂದಿನ ಸಾಲಿನ ಅಜ್ಜಂದಿರು ಮೊದಲ ಪದ್ಯಕ್ಕೇ ಗುರುತಿಸುತ್ತಿದ್ದರು.

ಈ ನಾಲ್ವರು ಕೂಡಿ ಮಾಡಿದ ಕೊನೆಯ ಸ್ಟುಡಿಯೋ ಆಲ್ಬಂ ಬಂದದ್ದು 1978ರಲ್ಲಿ. ಮರುವರ್ಷ ಆಝಿಯನ್ನು ತಂಡದಿಂದ ಕೈಬಿಟ್ಟರು. ಅಲ್ಲಿಂದ ಮುಂದಿನ ಕಥೆ ಉದ್ದವಾದದ್ದು: ಗಾಯಕರು ಬಂದರು, ಹೋದರು, ಹೆಸರನ್ನು ಉಳಿಸಿಕೊಂಡು ಬಂದವರು ಐಯೋಮಿಯೊಬ್ಬರೇ. ತೊಂಬತ್ತರ ದಶಕದ ಕೊನೆಗೆ ನಾಲ್ವರೂ ಮತ್ತೆ ವೇದಿಕೆಗೆ ಬಂದರಾದರೂ ಹೊಸ ಆಲ್ಬಂ ಆಗಲಿಲ್ಲ. 2001ರಲ್ಲಿ ನಿರ್ಮಾಪಕ ರಿಕ್ ರೂಬಿನ್ ಜತೆ ಕೆಲಸ ಆರಂಭವಾಗಿ ಅರ್ಧಕ್ಕೇ ನಿಂತಿತು. ಆಮೇಲೆ ಹತ್ತು ವರ್ಷ ಕಳೆದು, 2011ರ ನವೆಂಬರ್ 11ರಂದು ಲಾಸ್ ಏಂಜಲೀಸ್‌ನ ವಿಸ್ಕಿ ಅ ಗೋ ಗೋ ಕ್ಲಬ್ಬಿನಲ್ಲಿ ನಾಲ್ವರೂ ಒಟ್ಟಿಗೆ ಕೂತು, ಹೊಸ ಆಲ್ಬಂ ಮಾಡುತ್ತೇವೆ, ರೂಬಿನ್ ನಿರ್ಮಾಪಕರು ಎಂದು ಘೋಷಿಸಿದರು.

ನನಗೆ ಆ ದಿನ ಚೆನ್ನಾಗಿ ನೆನಪಿದೆ, ಏಕೆಂದರೆ ಅದಕ್ಕೆ ಸರಿಯಾಗಿ ಹನ್ನೆರಡು ದಿನಗಳ ಹಿಂದೆ, ಅಕ್ಟೋಬರ್ 30ರಂದು, ನಾನು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡವನ್ನು ಕಣ್ಣಾರೆ ಕಂಡಿದ್ದೆ. ದೆಹಲಿಯ ಪಕ್ಕದ ಗುರ್‌ಗಾಂವ್‌ನಲ್ಲಿ ಎರಡು ದಿನ ಮುಂಚೆ ನಡೆಯಬೇಕಿದ್ದ ಕಾರ್ಯಕ್ರಮ ರದ್ದಾಗಿತ್ತು, ಹಾಗಾಗಿ ಆ ಸಂಜೆಯವರೆಗೂ ನಮ್ಮೆಲ್ಲರ ಜೀವ ಕೈಯಲ್ಲೇ ಇತ್ತು. ಮೆಟಾಲಿಕಾ ಕೂಡ 2008ರಲ್ಲಿ ಇದೇ ರೂಬಿನ್ ಜತೆ ಸೇರಿ ತನ್ನ ಎಂಬತ್ತರ ದಶಕದ ವೇಗಕ್ಕೆ ಮರಳಿದ ಆಲ್ಬಂ ತಂದಿತ್ತು. ಹಳಬರನ್ನು ಅವರ ಹಳೆಯ ಮನೆಗೆ ಕರೆದೊಯ್ಯುವುದನ್ನೇ ರೂಬಿನ್ ಒಂದು ವಿದ್ಯೆಯಾಗಿ ಮಾಡಿಕೊಂಡಿದ್ದರು. ಅದಕ್ಕೂ ಹಿಂದೆ, ತೊಂಬತ್ತರ ದಶಕದಲ್ಲಿ, ಎಲ್ಲರೂ ಮರೆಯುತ್ತಿದ್ದ ಹಿರಿಯ ಹಾಡುಗಾರ ಜಾನಿ ಕ್ಯಾಶ್ ಕೈಗೆ ಒಂದು ಗಿಟಾರ್ ಮಾತ್ರ ಕೊಟ್ಟು ಕೂರಿಸಿ ಹಾಡಿಸಿದವರೂ ಇವರೇ.

ಘೋಷಣೆಯಾಗಿ ಎರಡು ತಿಂಗಳಾಗುವಷ್ಟರಲ್ಲಿ, 2012ರ ಜನವರಿಯಲ್ಲಿ, ಐಯೋಮಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಇರುವುದು ತಿಳಿದುಬಂತು. ಹಾಡು ಕಟ್ಟುವ ಕೆಲಸವನ್ನು ಅವರ ಚಿಕಿತ್ಸೆಗೆ ಅನುಕೂಲವಾಗಲೆಂದು ಇಂಗ್ಲೆಂಡಿಗೆ ಸ್ಥಳಾಂತರಿಸಿದರು. ಫೆಬ್ರವರಿಯಲ್ಲಿ ಬಿಲ್ ವಾರ್ಡ್, ತಾವು ಸಹಿ ಹಾಕಬಹುದಾದಂಥ ಒಪ್ಪಂದ ಸಿಗದ ಹೊರತು ತಂಡದೊಂದಿಗೆ ಮುಂದುವರಿಯಲಾರೆ ಎಂದು ಬಹಿರಂಗವಾಗಿ ತಿಳಿಸಿದರು. ಯಾರು ಸರಿ, ಯಾರು ತಪ್ಪು ಎಂಬುದರ ಬಗ್ಗೆ ಆಮೇಲೆ ಎರಡೂ ಕಡೆಯಿಂದ ಮಾತುಗಳು ಬಂದವು, ಅವುಗಳಲ್ಲಿ ಕೆಲವು ನೋವು ಕೊಡುವಂಥವು. ಅದರ ತೀರ್ಪು ನನ್ನದಲ್ಲ. ಆದದ್ದಿಷ್ಟು: ಕ್ಯಾಲಿಫೋರ್ನಿಯಾದ ಮಾಲಿಬುವಿನ ಶಾಂಗ್ರಿ-ಲಾ ಸ್ಟುಡಿಯೋದಲ್ಲಿ ಧ್ವನಿಮುದ್ರಣಕ್ಕೆ ಕೂತಾಗ ಡ್ರಮ್ಮಿನ ಹಿಂದೆ ಇದ್ದವರು ರೇಜ್ ಅಗೇನ್ಸ್ಟ್ ದ ಮಷೀನ್ ತಂಡದ ಬ್ರ್ಯಾಡ್ ವಿಲ್ಕ್.

ರೂಬಿನ್ ಅವರನ್ನೆಲ್ಲ ಕೂರಿಸಿ 1970ರ ಆ ಮೊದಲ ಆಲ್ಬಮ್ಮನ್ನು ಕೇಳಿಸಿದರು ಎಂದು ತಂಡದವರೇ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ಹೆವಿ ಮೆಟಲ್ ಎಂಬುದೊಂದು ಇನ್ನೂ ಹುಟ್ಟಿಲ್ಲ ಎಂದುಕೊಳ್ಳಿ, ಈ ಮೊದಲ ಆಲ್ಬಂ ಆದ ಮೇಲೆ ಏನು ಮಾಡುತ್ತಿದ್ದಿರೋ ಅದನ್ನು ಮಾಡಿ ಎಂಬುದು ಅವರ ಸಲಹೆಯ ಸಾರ. ಇದನ್ನು ಓದಿದಾಗ ನಾನು ಬಹಳ ಹೊತ್ತು ಯೋಚಿಸಿದ್ದೇನೆ. ಅರವತ್ತು ದಾಟಿದ ಮನುಷ್ಯನ ಮುಂದೆ ಅವನ ಇಪ್ಪತ್ತೊಂದರ ದಿನದ ಕೆಲಸವನ್ನು ತಂದಿಟ್ಟು, ನಡುವೆ ನೀನು ಮಾಡಿದ್ದನ್ನೂ ನಿನ್ನನ್ನು ಅನುಸರಿಸಿ ಲೋಕ ಮಾಡಿದ್ದನ್ನೂ ಮರೆತುಬಿಡು ಎನ್ನುವುದು ಎಂಥ ಕಠಿಣವಾದ ಬೇಡಿಕೆ! ಅದೂ ಎರಡು ಬೆರಳ ತುದಿಗಳಿಗೆ ಟೋಪಿ ಹಾಕಿಕೊಂಡು, ಕೆಲವು ವಾರಗಳಿಗೊಮ್ಮೆ ಚಿಕಿತ್ಸೆಗೆ ಹೋಗಿ, ಸುಸ್ತಾಗಿ ಬಂದು ಮತ್ತೆ ಗಿಟಾರ್ ಎತ್ತಿಕೊಳ್ಳುವವರಿಗೆ.

ಆದರೂ ಐಯೋಮಿ ಮರಳಿದರು. ಮೊದಲ ಹಾಡು 'ಎಂಡ್ ಆಫ್ ದ ಬಿಗಿನಿಂಗ್' ಎಂಟು ನಿಮಿಷದ್ದು. ಅದರ ಮೊದಲ ಸ್ವರಗಳು ಬಿದ್ದ ಕ್ಷಣಕ್ಕೇ 1970ರ ಆ ನಿಧಾನ, ಆ ಬಿಡುವು, ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ನಾದ ತಾನಾಗಿಯೇ ಕರಗಲು ಬಿಡುವ ಆ ಧೈರ್ಯ ಎಲ್ಲವೂ ಎದುರಿಗೆ ಬಂದು ನಿಲ್ಲುತ್ತವೆ. 'ಝೈಟ್‌ಗೈಸ್ಟ್' ಎಂಬ ಮೆಲುದನಿಯ ಹಾಡು ಅವರ ಎರಡನೆಯ ಆಲ್ಬಮ್ಮಿನ 'ಪ್ಲ್ಯಾನೆಟ್ ಕ್ಯಾರವ್ಯಾನ್' ಹಾಡನ್ನು ಅತಿಯಾಗಿ ನೆನಪಿಸುತ್ತದೆ. ನನ್ನ ಮಟ್ಟಿಗೆ ಇಡೀ ಆಲ್ಬಮ್ಮಿನಲ್ಲಿ ಮರಳುವುದು ಬರಿಯ ನಕಲಾಗಿರುವುದು ಅಲ್ಲಿ ಮಾತ್ರ. ಹೆಚ್ಚಿನ ಸಾಹಿತ್ಯ ಬಟ್ಲರ್ ಬರೆದದ್ದು. ಕ್ಯಾಥೊಲಿಕ್ ಮನೆತನದಲ್ಲಿ ಬೆಳೆದ ಅವರಿಗೆ ದೇವರು, ಸಾವು, ಪಾಪ ಎಂಬ ಮಾತುಗಳು ವೇಷಕ್ಕೆ ತೊಟ್ಟವಲ್ಲ. ದೇವರು ಸತ್ತನೇ ಎಂದು ಕೇಳುವ ಒಂಬತ್ತು ನಿಮಿಷದ ಹಾಡಿನ ಹೆಸರಿನಲ್ಲಿಯೇ ಒಂದು ಪ್ರಶ್ನಾರ್ಥಕ ಚಿಹ್ನೆಯಿದೆ. ಆ ಚಿಹ್ನೆಯನ್ನು ಬಿಟ್ಟು ಓದಿದವರು ಹಾಡನ್ನೇ ಓದಿಲ್ಲ ಎಂದು ನನಗೆ ಅನ್ನಿಸುತ್ತದೆ. ಆಝಿಯ ಕಂಠ ಮೊದಲಿನ ಎತ್ತರಕ್ಕೆ ಏರುವುದಿಲ್ಲ, ಏರಲು ಹೋಗುವುದೂ ಇಲ್ಲ. ಕೆಳಗಿನ ಸ್ಥಾಯಿಯಲ್ಲೇ, ರಿಫ್‌ನ ಬೆನ್ನು ಹಿಡಿದು ನಡೆಯುತ್ತದೆ. ಆ ಮಿತಿಯೇ ಹಾಡುಗಳಿಗೆ ಒಂದು ಪ್ರಾರ್ಥನೆಯ ಗುಣ ಕೊಟ್ಟಿದೆ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಏಳನೆಯ ಹಾಡು, 'ಡ್ಯಾಮೇಜ್ಡ್ ಸೋಲ್'. ಈ ತಂಡ ಸಬ್ಬತ್ ಎಂಬ ಹೆಸರು ಇಟ್ಟುಕೊಳ್ಳುವ ಮುಂಚೆ, 1968ರ ಸುಮಾರಿಗೆ, ಬ್ಲೂಸ್ ನುಡಿಸುತ್ತಿತ್ತು. ಈ ಹಾಡು ಮೊದಲ ಆಲ್ಬಮ್ಮಿಗೂ ಹಿಂದಿರುವ ಆ ದಿನಗಳಿಗೆ ಹೋಗಿ ಮುಟ್ಟುತ್ತದೆ. ಎಂಟು ನಿಮಿಷದ ನಿಧಾನ ಬ್ಲೂಸ್. ಆಝಿ ಹಾರ್ಮೋನಿಕಾ ಊದುತ್ತಾರೆ. ಬಟ್ಲರ್ ಅವರ ಬೇಸ್, ಗಿಟಾರಿನ ಅಡಿಗೆ ಹೊಕ್ಕು ಅದನ್ನು ಎತ್ತಿ ಹಿಡಿಯುತ್ತದೆ. ಐಯೋಮಿಯ ಸೋಲೋ ಮುಗಿಯಿತು ಎನ್ನುವಾಗ ಇನ್ನೊಂದು ತಿರುವು ಪಡೆಯುತ್ತದೆ. ಎಲ್ಲರೂ ಒಂದೇ ಕೋಣೆಯಲ್ಲಿ ಕೂಡಿ ನುಡಿಸಿ ಮುದ್ರಿಸಿಕೊಂಡ ಆಲ್ಬಂ ಇದು. ಈ ಹಾಡಿನಲ್ಲಿ ಆ ಕೋಣೆ ಕೇಳಿಸುತ್ತದೆ. ಮತ್ತು ಈ ಹಾಡಿನಲ್ಲೇ, ನಾಲ್ಕನೆಯದೋ ಐದನೆಯದೋ ನಿಮಿಷದಲ್ಲಿ, ಬಿಲ್ ವಾರ್ಡ್ ಇಲ್ಲದಿರುವುದೂ ಕೇಳಿಸುತ್ತದೆ.

ವಿಲ್ಕ್ ತಪ್ಪು ಮಾಡಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಅವರು ಬಲವಾಗಿ, ಹದವಾಗಿ, ತಮಗಿಂತ ಮುಂಚೆ ಆ ಆಸನದಲ್ಲಿ ಕೂತಿದ್ದವರ ಬಗ್ಗೆ ಗೌರವವಿಟ್ಟು ನುಡಿಸಿದ್ದಾರೆ. ಆದರೆ ಅವರು ಹಾಡನ್ನು ಹೊರುತ್ತಾರೆ. ವಾರ್ಡ್ ಹಾಡಿನ ಜತೆ ಜಗಳವಾಡುತ್ತಿದ್ದರು. ಗಿಟಾರ್ ಒಂದು ಮಾತು ಹೇಳಿ ಸುಮ್ಮನಾದಾಗ ಆ ಮೌನದೊಳಗೆ ಟಾಮ್ ಎಂಬ ಡ್ರಮ್ಮುಗಳ ಮೇಲೆ ಉರುಳಿ ಬರುವ ಒಂದು ತೊದಲು, ಸಿಂಬಲ್‌ನ ಅಂಚಿನ ಮೇಲೆ ಒಂದು ಅನುಮಾನ, ಈಗ ಬಿದ್ದೇಬಿಟ್ಟಿತು ಎನ್ನುವಷ್ಟರಲ್ಲಿ ಮತ್ತೆ ಎದ್ದು ನಿಲ್ಲುವ ಲಯ, ಇವು '13'ರಲ್ಲಿ ಇಲ್ಲ. ಎಲ್ಲ ಮಾತ್ರೆಗಳೂ ತಮ್ಮ ಜಾಗದಲ್ಲಿಯೇ ಇವೆ. ನಮ್ಮ ಹಿಂದಿನ ಸಾಲಿನ ಅಜ್ಜಂದಿರು ಕೂತಿದ್ದರೆ ಮೊದಲ ಹಾಡಿಗೇ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡುತ್ತಿದ್ದರು.

ಇದರ ಜತೆಗೆ ಇನ್ನೊಂದು ಕೊರತೆಯಿದೆ, ಅದು ನುಡಿಸಿದವರದಲ್ಲ. ಇಂದಿನ ಅನೇಕ ರಾಕ್ ಆಲ್ಬಮ್ಮುಗಳಂತೆ ಇದರಲ್ಲಿಯೂ ಸಣ್ಣ ಸದ್ದನ್ನೂ ದೊಡ್ಡ ಸದ್ದನ್ನೂ ಸರಿಸುಮಾರು ಒಂದೇ ಎತ್ತರಕ್ಕೆ ಎತ್ತಿ ಒತ್ತಿದ್ದಾರೆ. ಮೆಟಾಲಿಕಾದ 2008ರ ಆಲ್ಬಮ್ಮಿನ ವಿರುದ್ಧವೂ ಇದೇ ದೂರು ಎದ್ದಿತ್ತು. 1970ರ ರೆಕಾರ್ಡನ್ನು ಕೇಳಿದ ಕೂಡಲೇ ಇದನ್ನು ಕೇಳಿದರೆ ವ್ಯತ್ಯಾಸ ಕಿವಿಗೇ ಬಡಿಯುತ್ತದೆ: ಅಲ್ಲಿ ಗಿಟಾರ್ ನಿಂತಾಗ ಗಾಳಿ ಕೇಳಿಸುತ್ತದೆ, ಇಲ್ಲಿ ಗಿಟಾರ್ ನಿಂತಾಗಲೂ ಗೋಡೆ ಕೇಳಿಸುತ್ತದೆ. ರಿಫ್ ಮರಳಿತು, ನಿಧಾನ ಮರಳಿತು, ಶ್ರುತಿ ಮರಳಿತು; ಆ ಪ್ರತಿಮಧ್ಯಮವನ್ನು ಭಯಂಕರವಾಗಿಸಿದ್ದ ಖಾಲಿ ಜಾಗ ಪೂರ್ತಿಯಾಗಿ ಮರಳಲಿಲ್ಲ. ಶ್ರುತಿ ಪೆಟ್ಟಿಗೆಯ ಮುಂದೆ ಕೂತು ನಾನು ಕಂಡುಕೊಂಡದ್ದು ಇಲ್ಲಿಗೆ ಬಂದು ಸೇರುತ್ತದೆ. ಇವರ ಮೂಲ ಎಂಬುದು ರಿಫ್‌ಗಳಲ್ಲಿದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಅದು ಇದ್ದದ್ದು ಒಂದೇ ಬಡಾವಣೆಯ ನಾಲ್ಕು ಜನ ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಿದ್ದ ಜಾಗದಲ್ಲಿ.

ಜನ ಆಲ್ಬಮ್ಮನ್ನು ಎರಡೂ ಕೈಗಳಿಂದ ಬರಮಾಡಿಕೊಂಡರು. ಅಮೆರಿಕದಲ್ಲಿ ಮೊದಲ ವಾರವೇ ಸುಮಾರು 1,55,000 ಪ್ರತಿಗಳು ಮಾರಾಟವಾಗಿ, ಈ ತಂಡ ಅಲ್ಲಿ ಮೊತ್ತಮೊದಲ ಬಾರಿಗೆ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಬ್ರಿಟನ್ನಿನಲ್ಲಿ ಅವರು ಹಿಂದೆ ಮೊದಲ ಸ್ಥಾನ ಪಡೆದದ್ದು 1970ರಲ್ಲಿ. ಮರುವರ್ಷ ಆ ಪ್ರಶ್ನಾರ್ಥಕ ಚಿಹ್ನೆಯ ಹಾಡಿಗೆ ಗ್ರ್ಯಾಮಿ ಬಂತು. ಇದೇ ಅವರ ಕೊನೆಯ ಸ್ಟುಡಿಯೋ ಆಲ್ಬಂ ಆಯಿತು. 2017ರ ಫೆಬ್ರವರಿ 4ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ವಿದಾಯದ ಪ್ರವಾಸ ಮುಗಿದಾಗಲೂ ಡ್ರಮ್ಮಿನ ಹಿಂದೆ ವಾರ್ಡ್ ಇರಲಿಲ್ಲ. ಅಂದು ರಾತ್ರಿ ನಾನು, ಇನ್ನು ಇದು ಹೀಗೆಯೇ ಅರ್ಧವಾಗಿ ಉಳಿಯಿತು ಎಂದು ನಿಜಕ್ಕೂ ದುಃಖಪಟ್ಟಿದ್ದೆ.

ಉಳಿಯಲಿಲ್ಲ. 2025ರ ಜುಲೈ 5ರಂದು ಆ್ಯಸ್ಟನ್‌ನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ, ಆಝಿ ಬೆಳೆದ ಬೀದಿಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ನಾಲ್ವರೂ ಇಪ್ಪತ್ತು ವರ್ಷಗಳ ಅನಂತರ ಒಂದೇ ವೇದಿಕೆಯ ಮೇಲೆ ನಿಂತರು. ನಿಂತರು ಎನ್ನುವುದು ತಪ್ಪು. ಪಾರ್ಕಿನ್ಸನ್ ಕಾಯಿಲೆಯಿಂದ ನಡೆಯಲಾಗದ ಆಝಿ ಕಪ್ಪು ಸಿಂಹಾಸನವೊಂದರಲ್ಲಿ ಕೂತಿದ್ದರು. ಮೆಟಾಲಿಕಾ ಸೇರಿದಂತೆ ಇವರಿಂದ ಕಲಿತ ತಂಡಗಳೆಲ್ಲ ದಿನವಿಡೀ ನುಡಿಸಿ ಮುಗಿಸಿದ ಮೇಲೆ ಇವರು ನುಡಿಸಿದ್ದು ನಾಲ್ಕೇ ಹಾಡು. ಎಪ್ಪತ್ತೇಳರ ಬಿಲ್ ವಾರ್ಡ್ ಡ್ರಮ್ಮಿನ ಹಿಂದೆ ಇದ್ದರು. ನಾನು ಅದನ್ನು ರಾತ್ರಿಯೆಲ್ಲ ಎಚ್ಚರವಿದ್ದು ಪರದೆಯ ಮೇಲೆ ನೋಡಿದೆ. ಮೊದಲ ಹಾಡಿನಲ್ಲಿ ಗಿಟಾರಿನ ಎರಡು ಪೆಟ್ಟು ಬಿದ್ದು ನಿಂತಾಗ ಉಳಿಯುವುದು ಹೈ-ಹ್ಯಾಟ್ ಎಂಬ ಜೋಡಿ ಸಿಂಬಲ್‌ನ ಸಣ್ಣ ಎಣಿಕೆಯೊಂದೇ; ಆ ಎಣಿಕೆ ಕೊಂಚ ಅಲುಗಾಡುತ್ತಿತ್ತು, ಕೈಗಳಿಗೆ ವಯಸ್ಸಾಗಿರುವುದು ಕಾಣುತ್ತಿತ್ತು, ಆದರೆ ಲಯ ತೂಗುತ್ತಿತ್ತು. ಹದಿನೇಳು ದಿನಗಳ ಅನಂತರ, ಜುಲೈ 22ರಂದು, ಆಝಿ ತೀರಿಕೊಂಡರು.

ಅಂದಿನಿಂದ ನಾನು '13'ನ್ನು ಕೇಳುವ ಕ್ರಮ ಬದಲಾಗಿದೆ. ಎಂಟನೆಯ ಹಾಡಾದ ಕೂಡಲೇ 1970ರ ಆಲ್ಬಮ್ಮಿನ ಮೊದಲ ಹಾಡು ಬರುವಂತೆ ಫೋನಿನಲ್ಲಿ ಜೋಡಿಸಿಟ್ಟಿದ್ದೇನೆ. ಈ ಮಳೆಗಾಲದಲ್ಲಿಯೂ ಊರಿಗೆ ಹೋದಾಗ ಜಗಲಿಯಲ್ಲಿ ಕೂತು ಹಾಗೆಯೇ ಕೇಳಿದೆ. 2013ರ ಮಳೆ ಸುರಿಯುತ್ತದೆ, ಗುಡುಗುತ್ತದೆ, ಗಂಟೆ ಬಾರಿಸುತ್ತದೆ, ಕರಗುತ್ತದೆ. ಒಂದು ಕ್ಷಣ ನಮ್ಮ ಹೆಂಚಿನ ಮಳೆಯೊಂದೇ ಇರುತ್ತದೆ. ಆಮೇಲೆ 1969ರ ಮಳೆ ಆರಂಭವಾಗುತ್ತದೆ, ಅದೇ ಗಂಟೆ, ಆಮೇಲೆ ಆ ಮೂರು ಸ್ವರ. ಪ್ರತಿಮಧ್ಯಮ ಇಳಿದು ನಡುಗುತ್ತ ನಿಲ್ಲುತ್ತದೆ, ಅದರ ಹಿಂದೆಯೇ ಬಿಲ್ ವಾರ್ಡ್ ಅವರ ಟಾಮ್‌ಗಳು ಉರುಳುತ್ತ ಬರುತ್ತವೆ.